ಹೆಸರು ಹಿಡಿದು ಕರೆದವಳು

ಬಂಗುಡೆಯ ಹೊಟ್ಟೆ ಸೀಳಿ, ಕರುಳು ತೆಗೆದು, ಎರಡನೆಯ ನೀರಿಗೆ ಹಾಕಿದ್ದೆ. ಕರೆಗಂಟೆ ಸದ್ದಾಯಿತು. ಕೈಯೆಲ್ಲ ಮೀನು. ಮೊಣಕೈಯಿಂದಲೇ ಚಿಲಕ ಸರಿಸಿದೆ. ಹೊರಗೆ ಅಬ್ದುಲ್ ಖಾದಿರ್ ನಿಂತಿದ್ದರು. ಕಂಕುಳಲ್ಲಿ ನೀಲಿ ಫೈಲು.

"ಸಹಿ ಹಾಕಲಿಲ್ಲ ಖತೀಜಮ್ಮ," ಎಂದರು. "ಈ ಸಲವೂ ಇಲ್ಲ."

ಅವರಿಗೆ ಕುರ್ಚಿ ತೋರಿಸಿ ಮತ್ತೆ ಮೀನಿನ ಮುಂದೆ ಕುಳಿತೆ. ಮೀನು ಯಾರಿಗೂ ಕಾಯುವುದಿಲ್ಲ.

ರಿಯಾದಿನಲ್ಲಿ ನಮ್ಮ ಕರಾವಳಿಯವರು ಯಾರು ಸತ್ತರೂ, ಯಾರು ಜೈಲು ಸೇರಿದರೂ ಕಾಗದಪತ್ರ ಹಿಡಿದು ಓಡಾಡುವ ಮನುಷ್ಯ ಅಬ್ದುಲ್ ಖಾದಿರ್. ಅಂಗಡಿಯನ್ನು ಮಗನಿಗೆ ಬಿಟ್ಟು ಇದೇ ಕೆಲಸಕ್ಕೆ ನಿಂತಿದ್ದಾರೆ. ಶೇಖರನ ಹೆಣವನ್ನು ಉಡುಪಿಗೆ ಕಳಿಸಿದವರು ಅವರು. ಮೂಸಾನನ್ನು ಹೊರಗೆ ತರಲು ಓಡಾಡುತ್ತಿದ್ದವರೂ ಅವರೇ.

ಮೂಸಾ, ಶೇಖರ ಇಬ್ಬರೂ ಮಲಾಜ್ ಬಡಾವಣೆಯ ನಮ್ಮ ಕಟ್ಟಡದವರೇ. ನಮ್ಮ ಕೆಳಗಿನ ಮಾಳಿಗೆ, ಎದುರುಬದುರು ಬಾಗಿಲು. ಒಂದೇ ಕಂಪನಿಯಲ್ಲಿ ಕೋಲ್ಡ್ ಸ್ಟೋರೇಜ್ ರಿಪೇರಿ ಕೆಲಸ. ಖರ್ಜೂರದ ಕಾಲದಲ್ಲಿ ದೂರದ ಬುರೈದಾ ಪಟ್ಟಣದ ಕೋಲ್ಡ್ ಸ್ಟೋರೇಜುಗಳು ಒಂದು ಗಳಿಗೆ ಕೆಟ್ಟು ನಿಲ್ಲುವ ಹಾಗಿಲ್ಲ. ಹೋದರು, ರಿಪೇರಿ ಮಾಡಿದರು, ವಾಪಸು ಹೊರಟರು. ಗಾಡಿ ಓಡಿಸುತ್ತಿದ್ದದ್ದು ಮೂಸಾ. ಹಾಡಹಗಲು. ನೇರ ರಸ್ತೆ. ಎದುರಿಗೆ ಏನೂ ಇರಲಿಲ್ಲ. ಗಾಡಿ ಪಕ್ಕಕ್ಕೆ ಸರಿದು, ಕಬ್ಬಿಣದ ತಡೆಗೆ ಬಡಿದು ಮಗುಚಿತು. ಶೇಖರ ಅಲ್ಲೇ ಹೋದ. ಮೂಸಾನ ಕೈ ಮುರಿಯಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿ, ಅಲ್ಲಿಂದ ನೇರ ಬುರೈದಾದ ಲಾಕಪ್ಪಿಗೆ ಕೊಂಡುಹೋದರು.

ಮುರೂರ್, ಅಂದರೆ ಇಲ್ಲಿನ ಟ್ರಾಫಿಕ್ ಪೊಲೀಸರು, ಬರೆದದ್ದು ಸಣ್ಣ ಮಾತು: ಚಾಲಕ ಫೋನಿನಲ್ಲಿದ್ದ. ಗಾಡಿ ಮಗುಚಿದ ಮೇಲೂ ಫೋನಿನಲ್ಲಿ ವಿಡಿಯೋ ಕಾಲ್ ಚಾಲೂ ಇತ್ತು. ಆ ಕಡೆಯ ನಂಬರು ಮೂಸಾನ ಹೆಂಡತಿ ಸಫಿಯತ್‌ಳದ್ದು. ಸಫಿಯತ್ ಅಲ್ಲಗಳೆಯಲಿಲ್ಲ. "ಹೌದು, ನಾನೇ ಮಾತಾಡುತ್ತಿದ್ದೆ," ಎಂದಳು.

ಅಲ್ಲಿಗೆ ಪ್ರಶ್ನೆ ಮುಗಿಯಿತು. ಉಳಿದದ್ದು ಮಾಫಿ ಪತ್ರ. ಸತ್ತವನ ವಾರಸುದಾರರು ನಮಗೆ ದೂರಿಲ್ಲ ಎಂದು ಬರೆದುಕೊಟ್ಟರೆ ಮೂಸಾ ಬೇಗ ಹೊರಗೆ ಬಂದಾನು, ಇಲ್ಲದಿದ್ದರೆ ಎಷ್ಟು ಕಾಲವೋ ಹೇಳಲಾಗದು ಎಂದು ಅಬ್ದುಲ್ ಖಾದಿರ್ ನಮಗೆಲ್ಲ ಮೊದಲೇ ತಿಳಿಸಿದ್ದರು. ಉಡುಪಿಯಿಂದ ಶೇಖರನ ತಾಯಿ ಹೆಬ್ಬೆಟ್ಟು ಒತ್ತಿ ಕಳಿಸಿ ಆಗಿತ್ತು. ಮಕ್ಕಳಿಲ್ಲ. ಉಳಿದವಳು ಹೆಂಡತಿ ಭವ್ಯಶ್ರೀ ಒಬ್ಬಳೇ.

"ಹೆತ್ತವಳೇ ಒಪ್ಪಿದಳು. ಇವಳದ್ದು ಎಂತ?" ಎಂದೆ.

"ಅದು ಗೊತ್ತಿದ್ದರೆ ನಾನು ನಿಮ್ಮ ಮೀನಿನ ವಾಸನೆ ಕುಡಿಯಲಿಕ್ಕೆ ಬರ್ತಿದ್ದೆನಾ? ಇಲ್ಲ ಅಂತಲೂ ಹೇಳುವುದಿಲ್ಲ ಅವಳು. ನಾಳೆ ನೋಡುವ ಅಂತಾಳೆ. ಗುರುವಾರ ಅವಳ ಖುರೂಜ್."

ಖುರೂಜ್ ಎಂದರೆ ದೇಶ ಬಿಟ್ಟೇ ಹೋಗುವುದು. ಗಂಡನ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲೆ ಇದ್ದವಳು. ಗಂಡನೇ ಇಲ್ಲದ ಮೇಲೆ ಇಕಾಮಾ ಎಲ್ಲಿಂದ? ಅವಳು ವಿಮಾನ ಹತ್ತಿದರೆ ಈ ಕಾಗದಕ್ಕೆ ಊರಿನ ಕಚೇರಿ, ದೆಹಲಿ, ರಾಯಭಾರ ಕಚೇರಿ ಎಂದು ಮುದ್ರೆಗಳ ಹಿಂದೆ ಅಲೆಯಬೇಕು. ಅಷ್ಟು ಕಾಲ ಮೂಸಾ ಒಳಗೆ.

ಅಬ್ದುಲ್ ಖಾದಿರ್ ಎದ್ದು ನಿಂತರು. "ಅನಿಷಾಳ ಹತ್ತಿರ ಒಮ್ಮೆ ಹೇಳಿ. ಹೆಂಗಸರು ಕೇಳಿದರೆ ಹೇಳಿಯಾಳು."

ಅನಿಷಾ ನನ್ನ ಸೊಸೆ. ಹುಟ್ಟಿ ಬೆಳೆದದ್ದೆಲ್ಲ ರಿಯಾದಿನಲ್ಲೇ. ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ಗುದ್ದಿದ ಗಾಡಿಗಳ ಫೋಟೋ ನೋಡಿ, ಓಡಿಸಿದವರ ಮಾತು ಕೇಳಿ, ಎಲ್ಲಿ ಹೊಂದುವುದಿಲ್ಲ ಎಂದು ಹುಡುಕುವುದು. ಅರಬ್ಬಿ ಅವಳಿಗೆ ನೀರು ಕುಡಿದ ಹಾಗೆ. ಗಾಡಿಯೂ ಅವಳೇ ಓಡಿಸುತ್ತಾಳೆ. ನನಗೂ ಅವಳಿಗೂ ಹೊಂದದೆ ಇದ್ದದ್ದು ಒಂದೇ ವಿಷಯ. ಗಂಡನನ್ನು ಹೆಸರು ಹಿಡಿದು ಕರೆಯುತ್ತಾಳೆ. ರಝಾಕ್ ಬಾ, ರಝಾಕ್ ಹೋಗು. ಮದುವೆಯಾದ ಹೊಸದರಲ್ಲಿ ನೆಂಟರ ಎದುರಿಗೇ ಹಾಗೆ ಕರೆದಾಗ ಒಳಗೆ ಕರೆದು ಗದರಿದ್ದೆ. ಹೆಸರು ಹೇಳಿದರೆ ಗಂಡನ ಆಯುಸ್ಸು ಸವೆಯುತ್ತದೆ ಎನ್ನುತ್ತಿದ್ದರು ಹಿರಿಯರು ಎಂದೆ. ಹಾಗಾದರೆ ಇಡೀ ಆಫೀಸು ರಝಾಕ್ ರಝಾಕ್ ಅಂತ ಸವೆಸುತ್ತದಲ್ಲ ಉಮ್ಮಾ ಎಂದು ನಕ್ಕಳು. ಆಮೇಲೆ ನಾನೂ ಬಿಟ್ಟೆ.

ಆ ದಿನ ಕೆಲಸದಿಂದ ಬಂದವಳಿಗೆ ವಿಷಯ ಹೇಳಿದೆ. ಊಟ ಮಾಡುತ್ತಾ ಕೇಳಿದಳು. ಬಂಗುಡೆಯ ಮುಳ್ಳನ್ನು ತಟ್ಟೆಯ ಅಂಚಿಗೆ ಸರಿಸಿದಳು.

"ಸಫಿಯಕ್ಕನನ್ನು ಯಾರಾದರೂ ಕೇಳಿದ್ದಾರಾ ಉಮ್ಮಾ? ಫೋನಿನಲ್ಲಿ ಎಂತ ಮಾತಾಡಿದ್ದು ಅಂತ?"

"ಕೇಳುವುದೆಂತ? ಅವಳೇ ಒಪ್ಪಿದಳಲ್ಲ."

"ಅದೇ. ನಮ್ಮ ಕೆಲಸದಲ್ಲಿ ಹಾಗೇ ಆಗುವುದು. ಒಪ್ಪಿಕೊಂಡವರನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ."

ಭವ್ಯಶ್ರೀಯ ಬಳಿಗೆ ಮೊದಲು ಹೋಗಲಿಲ್ಲ ಅವಳು. ಸಫಿಯತ್‌ಳನ್ನು ಮೇಲಕ್ಕೆ ಕರೆಸಿದಳು.

ಸಫಿಯತ್ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಳು. ಆಕೆಯ ಮುಖದಲ್ಲಿ ದುಃಖ ಇರಲಿಲ್ಲ. ಏನೂ ಇರಲಿಲ್ಲ. ಕಟ್ಟಡದ ಹೆಂಗಸರು ಅವಳ ಜೊತೆ ಕೂರುವುದನ್ನು ಬಿಟ್ಟಿದ್ದರು. ಗಾಡಿ ಓಡಿಸುವವನಿಗೆ ಫೋನು ಮಾಡಿದವಳು, ತನ್ನ ಗಂಡನನ್ನು ಜೈಲಿಗೆ, ಇನ್ನೊಬ್ಬಳ ಗಂಡನನ್ನು ಮಣ್ಣಿಗೆ ಕಳಿಸಿದವಳು ಎಂದು ಲಿಫ್ಟಿನಲ್ಲೇ ಆಡಿಕೊಳ್ಳುತ್ತಿದ್ದರು. ಮಗಳು ಆಫಿಯಾಳನ್ನು ಶಾಲೆಯ ಬಸ್ಸಿನಲ್ಲೂ ಯಾರೋ, ನಿನ್ನ ಉಪ್ಪ ಜೈಲಿಗೆ ಹೋದದ್ದು ನಿನ್ನ ಉಮ್ಮನಿಂದಲಾ ಎಂದು ಕೇಳಿದರಂತೆ. ಸಫಿಯತ್ ಯಾರಿಗೂ ಉತ್ತರ ಕೊಟ್ಟವಳಲ್ಲ.

"ಅಕ್ಕಾ, ಆವತ್ತು ಕರೆದದ್ದು ಯಾರು? ನೀವಾ, ಅವರಾ?" ಅನಿಷಾ ಕೇಳಿದಳು.

"ನಾನು."

"ಯಾಕೆ?"

"ಊಟಕ್ಕೆ ಬರ್ತೀರಾ ಅಂತ ಕೇಳ್ಲಿಕ್ಕೆ."

"ಅದು ವಿಡಿಯೋ ಕಾಲ್. ಊಟಕ್ಕೆ ಕರೀಲಿಕ್ಕೆ ವಿಡಿಯೋ ಯಾಕೆ?"

ಸಫಿಯತ್ ಸೆರಗು ಸರಿಪಡಿಸಿಕೊಂಡಳು. "ಆಫಿಯಾಳ ಉಪ್ಪನ ಮುಖ ನೋಡುವ ಅಂತ."

"ಕಂಡಿತಾ?"

"ಹ್ಞಾ."

"ಎದುರಿನಿಂದ ಕಂಡಿತಾ, ಪಕ್ಕದಿಂದಾ? ಫೋನು ಎಲ್ಲಿ ಇಟ್ಟಿದ್ದರು?"

ಕುಕ್ಕರಿನ ಸೀಟಿ ಕೇಳಿತು. ನಾನು ಎದ್ದು ಒಲೆ ಸಣ್ಣ ಮಾಡಿದೆ.

"ನಾನು ಒಪ್ಪಿ ಆಗಿದೆಯಲ್ಲ ಅನಿಷಾ," ಎಂದಳು ಸಫಿಯತ್. "ಇನ್ನು ಕೆದಕಿ ಎಂತ ಸಿಗ್ತದೆ? ನನಗೆ ಆಫಿಯಾಳ ಉಪ್ಪ ಮನೆಗೆ ಬಂದರೆ ಸಾಕು." ಎದ್ದು ಹೋದಳು.

ಬಾಗಿಲು ಮುಚ್ಚಿದ ಮೇಲೆ ಅನಿಷಾ ಎಂದಳು: "ಗಂಡನ ಮುಖ ಯಾವ ಕಡೆಯಿಂದ ಕಂಡಿತು ಅಂತ ಗೊತ್ತಿಲ್ಲದವಳು ಆ ಫೋನು ನೋಡಿಯೇ ಇಲ್ಲ ಉಮ್ಮಾ."

"ಭಯದಲ್ಲಿ ಮರೆತಿರಬಹುದು."

"ಇರಬಹುದು."

ಮಾರನೆಯ ದಿನ ಆಫೀಸಿನಿಂದ ಬೇಗ ಬಂದು ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಮೂಸಾನ ಕಂಪನಿಯ ವರ್ಕ್‌ಶಾಪಿಗೆ ಹೋದಳು. ಅಲ್ಲಿ ಸೂಪರ್‌ವೈಸರ್ ನಝೀಮ್. ಪುತ್ತೂರಿನ ಕಡೆಯವನು. ಅವನ ಮೇಲೂ ಕಟ್ಟಡದಲ್ಲಿ ಅನುಮಾನ ಇತ್ತು. ರಸ್ತೆಯಲ್ಲಿರುವವರಿಗೆ ಹತ್ತು ಸಲ ಫೋನು ಮಾಡಿ ಎಲ್ಲಿ ಮುಟ್ಟಿದಿರಿ ಎಂದು ಕೇಳುವ ಅಭ್ಯಾಸ ಅವನಿಗೆ. ಸಫಿಯತ್‌ಳ ಕರೆಗಿಂತ ಮೊದಲೇ ಇವನು ತಲೆ ತಿಂದಿರಬಹುದು, ಭವ್ಯಶ್ರೀ ಸಹಿ ಹಾಕದ ಹಾಗೆ ನೋಡಿಕೊಳ್ಳುತ್ತಿರುವವನೂ ಇವನೇ ಇರಬಹುದು ಎಂದು ಜನ ಹೇಳುತ್ತಿದ್ದರು.

ನಝೀಮ್ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ. ತಾನು ಓಡಿಸುವವನಿಗೆ ಎಂದೂ ಕರೆ ಮಾಡುವವನಲ್ಲ ಎಂದ. ಪಕ್ಕದಲ್ಲಿ ಕೂತವನಿಗೆ ಮಾಡುತ್ತೇನೆ, ಕಂಪನಿಯ ಕಾನೂನೇ ಹಾಗೆ ಎಂದ.

"ಹಾಗಾದರೆ ಆವತ್ತು ಶೇಖರಣ್ಣನಿಗೆ ಮಾಡಿದ್ದೀರಿ," ಎಂದಳು ಅನಿಷಾ.

"ಮಾಡಿದೆ. ಕರೆ ಹೋದರೆ ಅಲ್ವಾ? ಅವನ ಫೋನು ಬೆಳಗ್ಗೆಯೇ ನೀರಿಗೆ ಬಿದ್ದು ಕೆಟ್ಟಿತ್ತು. ಕೋಲ್ಡ್ ರೂಮಿನಲ್ಲಿ. ಅಲ್ಲಿನ ಮಾಲೀಕನ ಫೋನಿನಿಂದ ನನಗೆ ಹೇಳಿದ. ಇಡೀ ದಿನ ಸ್ವಿಚ್ ಆಫ್. ನೀವು ಬೇಕಾದರೆ ನನ್ನ ಫೋನು ನೋಡಿ ಮಾರಾಯ್ತಿ."

ನೋಡಿದಳು. ಅವನು ಹೇಳಿದ್ದು ನಿಜ. ಮೂಸಾನ ನಂಬರಿಗೆ ಒಂದು ಕರೆಯೂ ಹೋಗಿರಲಿಲ್ಲ.

ವಾಪಸು ಬರುವಾಗ ಅನಿಷಾಳ ಫೋನು ರಿಂಗಾಯಿತು. ರಿಂಗಾಗಿ ರಿಂಗಾಗಿ ನಿಂತಿತು. ಅವಳು ರಸ್ತೆ ನೋಡುತ್ತಿದ್ದಳು.

ಮನೆ ತಲುಪುವಷ್ಟರಲ್ಲಿ ಅಬ್ದುಲ್ ಖಾದಿರ್ ಬುರೈದಾದಿಂದ ಬಂದಿದ್ದರು. ಮೂಸಾನನ್ನು ಕಂಡು ಬಂದಿದ್ದರು. ಅವನು ಸಣ್ಣಗಾಗಿದ್ದಾನೆ, ಪ್ಲಾಸ್ಟರ್ ತೆಗೆದಿದ್ದಾರೆ ಎಂದರು. ಯಾರ ಜೊತೆ ಮಾತಾಡುತ್ತಿದ್ದೆ ಎಂದು ಅನಿಷಾ ಫೋನಿನಲ್ಲಿ ಹೇಳಿದ್ದ ಹಾಗೆ ಮತ್ತೆ ಕೇಳಿದರಂತೆ. ಬರೆದದ್ದಕ್ಕೆಲ್ಲ ಒಪ್ಪಿಗೆ ಎಂದನಂತೆ.

"ಅಷ್ಟೇಯಾ?"

"ಹೊರಡುವಾಗ ಒಂದು ಮಾತು ಹೇಳಿದ. ಸಫಿಯತ್‌ಗೆ ಹೇಳಿ, ಅವಳು ಮಾಡಿದ್ದು ಸರಿ ಅಂತ."

ನನಗೆ ಅದು ಅರ್ಥವಾಗಲಿಲ್ಲ. ತನ್ನನ್ನು ಜೈಲಿಗೆ ಹಾಕಿಸಿದ ಕರೆಯನ್ನು ಯಾವ ಗಂಡ ಸರಿ ಎನ್ನುತ್ತಾನೆ?

"ಆ ಪಠಾಣ್ ಡ್ರೈವರನ ನಂಬರು ಉಂಟಾ?" ಅನಿಷಾ ಕೇಳಿದಳು.

ಇತ್ತು. ಆ ದಿನ ಮೂಸಾನ ಗಾಡಿಯ ಹಿಂದೆ ಟ್ರೇಲರ್ ಓಡಿಸಿಕೊಂಡು ಬರುತ್ತಿದ್ದವನು, ಮೊದಲು ಇಳಿದು ಓಡಿ ಬಂದವನು ಅವನೇ. ಪೊಲೀಸರಿಗೆ ಹೇಳಿಕೆ ಕೊಟ್ಟು ಹೋಗಿದ್ದ. ಅನಿಷಾ ಕರೆ ಮಾಡಿದಳು. ಎತ್ತಿದ. ಹಿಂದಿನಿಂದ ಇಂಜಿನ್ ಸದ್ದು. ಗಾಡಿ ನಿಲ್ಲಿಸಿ ಆಮೇಲೆ ನೀವೇ ಕರೆಯಿರಿ ಚಾಚಾ ಎಂದು ಹೇಳಿ ಕತ್ತರಿಸಿದಳು. ನಾವು ಚಾ ಕುಡಿದು ಮುಗಿಸಿದ ಮೇಲೆ ಕರೆ ಬಂತು. ಯಾವುದೋ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದ್ದನಂತೆ.

ಅವನು ಹೇಳಿದ್ದನ್ನು ಅನಿಷಾ ನಮಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. ಗಾಡಿ ಮಗುಚಿ ಬಿದ್ದಿತ್ತು. ಓಡಿಸುತ್ತಿದ್ದವನಿಗೆ ಪ್ರಜ್ಞೆ ಇತ್ತು, ಮಾತಿರಲಿಲ್ಲ. ಇನ್ನೊಬ್ಬನನ್ನು ನೋಡಿದಾಗಲೇ ಗೊತ್ತಾಯಿತು. ಒಳಗೆಲ್ಲ ಖರ್ಜೂರ ಚೆಲ್ಲಿತ್ತು. ಫೋನು ಸತ್ತವನ ಕೈಯ ಹತ್ತಿರ ಬಿದ್ದಿತ್ತು, ಬೆಳಕು ಇತ್ತು. ಒಬ್ಬ ಹೆಂಗಸು ಕೂಗುತ್ತಿದ್ದಳು. ಅವನು ಎತ್ತಿಕೊಂಡ. ಮುಖ ಕಾಣಲಿಲ್ಲ, ಯಾವುದೋ ಮನೆಯ ಛಾವಣಿ ಕಾಣುತ್ತಿತ್ತು. ಬೆಹನ್, ಆಕ್ಸಿಡೆಂಟ್ ಆಗಿದೆ ಎಂದ. ಆಮೇಲೆ ಸದ್ದಿರಲಿಲ್ಲ.

"ಕೂಗಿದ್ದು ಎಂತ ಅಂತ?" ಎಂದರು ಅಬ್ದುಲ್ ಖಾದಿರ್.

"ಮೂಸಾ, ಮೂಸಾ ಅಂತ. ಬೇರೆ ಭಾಷೆಯಲ್ಲಿ ಏನೇನೋ, ನಡುವೆ ಮೂಸಾ ಮೂಸಾ. ಹೆಂಡತಿಯೇ ಇರಬೇಕು, ಪಾಪ, ಅಷ್ಟು ಕೂಗಿದಳು ಅಂತಾನೆ."

"ಪೊಲೀಸರ ಕಾಗದದಲ್ಲೂ ಹಾಗೇ ಉಂಟು," ಎಂದರು ಅಬ್ದುಲ್ ಖಾದಿರ್. "ಹೆಂಡತಿ ಗಂಡನ ಹೆಸರು ಹಿಡಿದು ಕೂಗುತ್ತಿದ್ದಳು ಅಂತ. ಇದರಲ್ಲಿ ಹೊಸತು ಎಂತ ಸಿಕ್ಕಿತು?"

ನಾನೂ ತಲೆಯಾಡಿಸಿದೆ. ಪಾಪ ಸಫಿಯತ್ ಎಂದುಕೊಂಡೆ.

ಅನಿಷಾ ಖಾಲಿ ಲೋಟ ಹಿಡಿದು ಕೂತಿದ್ದಳು. ಆಮೇಲೆ ಮೂಸಾನಿಗೆ ತಾಯಿ ಇದ್ದಾರಾ ಎಂದು ಕೇಳಿದಳು. ಇಲ್ಲ ಎಂದೆ. ಅಕ್ಕ ತಂಗಿ? ಇಲ್ಲ. ಸಫಿಯತ್‌ಳನ್ನು ಇನ್ನೊಮ್ಮೆ ಕರೆಯಿರಿ ಎಂದಳು.

ಸಫಿಯತ್ ಬಂದಳು. ಅಬ್ದುಲ್ ಖಾದಿರ್ ಎದುರಿಗೆ ಇದ್ದುದರಿಂದ ಬಾಗಿಲ ಬದಿಯಲ್ಲೇ ನಿಂತಳು.

"ಅಕ್ಕಾ, ಒಂದೇ ಕೆಲಸ," ಎಂದಳು ಅನಿಷಾ. "ನಿಮ್ಮ ಗಂಡನ ಹೆಸರು ಒಮ್ಮೆ ಹೇಳಿ."

"ಎಂತಕ್ಕೆ?"

"ಸುಮ್ಮನೆ ಹೇಳಿ. ನಾವೇ ಇರುವುದು."

ಸಫಿಯತ್ ಬಾಯಿ ತೆರೆದಳು. ತುಟಿ ಕೂಡಿತು. ಹೊರಗೆ ಏನೂ ಬರಲಿಲ್ಲ. ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ನನಗೆ ಆಗ ಗೊತ್ತಾಯಿತು. ನನ್ನ ಯಜಮಾನರು ಹೋಗಿ ಎಷ್ಟು ಕಾಲವಾಯಿತು. ಇಂದಿಗೂ ಆಸ್ಪತ್ರೆಯ ಚೀಟಿಗೆ ಅವರ ಹೆಸರು ಕೇಳಿದರೆ ರಝಾಕ್‌ನ ಕಡೆ ಕೈ ತೋರಿಸುವವಳು ನಾನು. ಹೆಂಡತಿ ಮೂಸಾ ಎಂದು ಕೂಗಿದಳು ಎಂಬ ಮಾತನ್ನು ಕೇಳಿಯೂ ನನಗೆ ಹೊಳೆಯಲಿಲ್ಲ.

"ನೀವು ಇಷ್ಟು ದಿನ ಅವರನ್ನು ಆಫಿಯಾಳ ಉಪ್ಪ ಅಂತಲೇ ಹೇಳಿದ್ದು," ಎಂದಳು ಅನಿಷಾ. "ಪೊಲೀಸರ ಹತ್ತಿರವೂ ಹಾಗೆಯೇ ಹೇಳಿರ್ತೀರಿ. ಪ್ರಾಣ ಹೋಗುವ ಹೆದರಿಕೆಯಲ್ಲಿ ಬಾಯಿಗೆ ಬರುವುದು ಅಭ್ಯಾಸದ ಮಾತು. ಒಂದು ದಿನವೂ ಹೇಳದ ಹೆಸರು ಆ ಗಳಿಗೆಯಲ್ಲಿ ಬರುವುದಿಲ್ಲ. ಅರಬ್ಬಿ ಪೊಲೀಸಿಗೆ ಇದು ತಿಳಿಯುವುದಿಲ್ಲ. ಪಠಾಣನಿಗೂ ಇಲ್ಲ. ನಾನೂ ದಾಟಿ ಹೋಗುತ್ತಿದ್ದೆ. ಉಮ್ಮ ಒಮ್ಮೆ ನನ್ನನ್ನು ಬೈದಿದ್ದಾರೆ, ಹಾಗಾಗಿ ನಿಂತೆ."

ಅಬ್ದುಲ್ ಖಾದಿರ್ ಫೈಲನ್ನು ಮೊಣಕಾಲ ಮೇಲಿಟ್ಟುಕೊಂಡರು. "ಹಾಗಾದರೆ ಫೋನಿನಲ್ಲಿ ಇದ್ದದ್ದು ಯಾರು?"

"ಫೋನು ಸಫಿಯಕ್ಕನದ್ದು, ಸ್ವರ ಇವರದ್ದಲ್ಲ. ಅಂದರೆ ಇವರ ಕೈಯಿಂದ ಇಸಕೊಂಡವರು, ಇದೇ ಕಟ್ಟಡದವರು. ಆ ಕಡೆ ಫೋನು ಬಿದ್ದದ್ದು ಶೇಖರಣ್ಣನ ಕೈಯ ಹತ್ತಿರ. ಹಿಡಿದುಕೊಂಡಿದ್ದದ್ದು ಅವರು. ಅವರ ಸ್ವಂತ ಫೋನು ಬೆಳಗ್ಗೆಯಿಂದ ಕೆಟ್ಟಿತ್ತು. ಹಾಗಾದರೆ ಅವರನ್ನು ಮಾತಾಡಿಸಬೇಕಾದವರು ಯಾರು? ಎದುರು ಬಾಗಿಲಿಗೆ ಬಂದು, ಮೂಸಾನ ಫೋನಿಗೆ ಒಮ್ಮೆ ಹಚ್ಚಿ ಕೊಡಿ, ಇವರ ಹತ್ತಿರ ಮಾತಾಡಬೇಕು ಅಂತ ಕೇಳುವವರು ಯಾರು?"

ಹೆಸರನ್ನೂ ಅವಳೇ ಹೇಳಿದಳು. "ಭವ್ಯಕ್ಕ."

ಸಫಿಯತ್ ಗೋಡೆಗೆ ಒರಗಿ ಹಾಗೇ ಕೆಳಗೆ ಕುಳಿತಳು. ಅಳಲಿಲ್ಲ. ನಿಧಾನಕ್ಕೆ ಹೇಳಿದಳು. ಪಠಾಣನ ಮಾತು ಕೇಳಿದ ಮೇಲೆ ಭವ್ಯಶ್ರೀ ಕೈಯಲ್ಲಿ ಫೋನು ಹಿಡಿದುಕೊಂಡೇ ನಿಂತಿದ್ದಳಂತೆ. ಕೂಗು ಕೇಳಿ ಎದುರು ಮನೆಗೆ ಓಡಿದ ತಾನೇ ಬೆರಳು ಬಿಡಿಸಿ ತೆಗೆದುಕೊಂಡಳಂತೆ. ನೀನು ಮಾತಾಡಿಲ್ಲ, ನಾನು ಮಾತಾಡಿದ್ದು ಎಂದು ಆಗಲೇ ಹೇಳಿಬಿಟ್ಟಳಂತೆ.

"ಯಾಕಮ್ಮಾ?" ಎಂದರು ಅಬ್ದುಲ್ ಖಾದಿರ್.

"ಅವಳ ಊರಿನಲ್ಲಿ ಎಂತ ಹೇಳ್ತಾರೆ ಅಂತ ನಿಮಗೆ ಗೊತ್ತಿಲ್ವಾ? ಗಂಡನನ್ನು ತಿಂದವಳು ಅಂತ. ಅತ್ತೆಯ ಮನೆಗೇ ಹೋಗಬೇಕಾದವಳು ಅವಳು. ನನ್ನವರು ಬದುಕಿದ್ದಾರೆ. ನನಗೆ ಬೈದರೆ ಬೈಯಲಿ." ಮತ್ತೆ ಎಂದಳು: "ಆದರೆ ಅವಳು ಸಹಿ ಹಾಕದೆ ಇರ್ತಾಳೆ ಅಂತ ನಾನು ನೆನೆಸಿರಲಿಲ್ಲ."

ಮಾಡಿದ್ದು ಸರಿ ಎಂದು ಮೂಸಾ ಹೇಳಿಕಳಿಸಿದ್ದು ಯಾವುದನ್ನು ಎಂದು ಆಗ ನಮಗೆ ತಿಳಿಯಿತು.

ಅನಿಷಾ ನನ್ನನ್ನು ಮಾತ್ರ ಕರೆದುಕೊಂಡು ಕೆಳಗೆ ಹೋದಳು. ಭವ್ಯಶ್ರೀಯ ಬಾಗಿಲು ತೆರೆದೇ ಇತ್ತು. ಮನೆ ಅರ್ಧ ಖಾಲಿ. ನೆಲದಲ್ಲಿ ಎರಡು ಸೂಟ್‌ಕೇಸು. ಅವಳು ಶೇಖರನ ಅಂಗಿಗಳನ್ನು ಒಂದರ ಮೇಲೊಂದು ಮಡಚಿ ಇಡುತ್ತಿದ್ದಳು. ಇಟ್ಟವನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಅಡುಗೆಮನೆಯ ಬಾಗಿಲಿನಿಂದ ಬಾಲ್ಕನಿಯವರೆಗೆ ಖರ್ಜೂರದ ಪೆಟ್ಟಿಗೆಗಳು.

"ಬನ್ನಿ ಖತೀಜಮ್ಮ," ಎಂದಳು. "ಕೂರಲಿಕ್ಕೆ ಜಾಗ ಇಲ್ಲ."

ಪೆಟ್ಟಿಗೆಯ ಮೇಲೆಯೇ ಕುಳಿತೆವು. ಅನಿಷಾ ಸುತ್ತಿ ಬಳಸಲಿಲ್ಲ.

"ಭವ್ಯಕ್ಕಾ, ಆವತ್ತು ಫೋನಿನಲ್ಲಿ ಇದ್ದದ್ದು ನೀವು."

ಭವ್ಯಶ್ರೀ ಅಂಗಿಯ ಕಾಲರು ನೇರ ಮಾಡಿದಳು.

"ಹೌದು," ಎಂದಳು. "ಸಫಿಯಕ್ಕ ಹೇಳಿದರಾ?"

"ಅವರು ಹೇಳಲಿಲ್ಲ. ನಾನಾಗಿ ಕಂಡುಕೊಳ್ಳುವವರೆಗೂ ಹೇಳಲಿಲ್ಲ."

"ಹೇಳುವುದಿಲ್ಲ ಅವರು. ಮೂಸಣ್ಣನೂ ಹೇಳುವುದಿಲ್ಲ. ಎಲ್ಲರೂ ಸೇರಿ ನನ್ನನ್ನು ಉಳಿಸಿದ್ದಾರೆ. ಯಾರಾದರೂ ಒಬ್ಬರು ಕೇಳ್ತಾರಾ ಅಂತ ಕಾದೆ. ಸಹಿ ಹಾಕು, ಸಹಿ ಹಾಕು ಅಂತಲೇ ಹೇಳಿದ್ದು ಎಲ್ಲರೂ."

ಆಮೇಲೆ ಹೇಳಿದಳು. ಅದರಲ್ಲಿ ಹೇಳುವಂಥದ್ದು ಏನೂ ಇರಲಿಲ್ಲ. ಹಿಂದಿನ ಸಲ ಬುರೈದಾಕ್ಕೆ ಹೋದಾಗ ತಂದ ಪೆಟ್ಟಿಗೆಗಳೇ ಮನೆ ತುಂಬ ಇದ್ದವು. ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತೇನೆ ಎಂದು ಗಂಡ ತಂದು ಒಟ್ಟಿದ್ದು. ಈ ಸಲ ಮತ್ತೆ ತರುತ್ತಾನೆಂದು ಗೊತ್ತಿತ್ತು. ತರಬೇಡಿ ಎಂದು ಹೇಳಲು ಕರೆದಳು. ಅವನ ಫೋನಿಗೆ ಕರೆ ಹೋಗಲಿಲ್ಲ. ಮೂಸಾನ ನಂಬರು ಅವಳಲ್ಲಿ ಇರಲಿಲ್ಲ. ಎದುರು ಮನೆಗೆ ಹೋದಳು. ಸಫಿಯತ್ ಹಚ್ಚಿ ಕೊಟ್ಟು ಒಲೆಯ ಮುಂದೆ ಹೋದಳು. ಫೋನು ಎತ್ತಿದ್ದು ಶೇಖರ. ಆಗಲೇ ಗಾಡಿಗೆ ತುಂಬಿ ಆಗಿದೆ ಎಂದು ನಕ್ಕ. ಇವಳು ಫೋನು ಹಿಡಿದುಕೊಂಡೇ ತನ್ನ ಮನೆಗೆ ಬಂದು ಬಾಲ್ಕನಿ ತೋರಿಸಿದಳು.

"ಇವರಿಗೆ ತೋರಿಸಿದರೆ ಇವರು ನಗುವುದೇ. ಹಾಗಾಗಿ ಮೂಸಣ್ಣನಿಗೆ ಹೇಳಿದೆ. ಮೂಸಣ್ಣ, ನೀವೇ ನೋಡಿ, ಇದನ್ನೆಲ್ಲ ಎಲ್ಲಿ ಇಡುವುದು ಅಂತ. ಅವರು ರಸ್ತೆ ನೋಡ್ತಿದ್ದರು. ಇಲ್ಲ ಇಲ್ಲ, ಒಮ್ಮೆ ನೋಡಿ ಅಂದೆ. ಇವರು ಫೋನನ್ನು ಆ ಕಡೆ ಹಿಡಿದರು. ಮೂಸಣ್ಣ ತಿರುಗಿದರು. ಅವರ ಮುಖ ಎದುರಿನಿಂದ ಕಂಡಿತು ನನಗೆ."

ಹೊರಗೆ ಯಾರೋ ಮೆಟ್ಟಿಲು ಹತ್ತಿಹೋದರು.

"ಆಮೇಲೆ ಆಕಾಶ ಕಂಡಿತು, ಮತ್ತೆ ಕಪ್ಪು. ನನಗೆ ಇವರನ್ನು ಕರೀಬೇಕಿತ್ತು. ಏನಂತ ಕರೆಯುವುದು? ಇಲ್ಲಿ ಕೇಳಿ ಅಂತಲೇ ಕರೆದದ್ದು ಇಷ್ಟು ವರ್ಷ. ಅಷ್ಟು ದೂರಕ್ಕೆ ಇಲ್ಲಿ ಕೇಳಿ ಅಂದರೆ ಯಾರಿಗೆ ಕೇಳ್ತದೆ? ಹೆಸರು ನಾಲಗೆಯ ತುದಿಯಲ್ಲಿತ್ತು. ಬರಲಿಲ್ಲ. ಹೇಳಿದರೆ ಆಯುಸ್ಸು ಕಡಿಮೆ ಅಂತ ಅಮ್ಮ ಹೇಳಿಕೊಟ್ಟದ್ದು. ಬಾಯಿಗೆ ಬಂದದ್ದು ಮೂಸಾ ಅಂತ. ಅಣ್ಣ ಅಂತ ಸೇರಿಸಲಿಕ್ಕೂ ಆಗಲಿಲ್ಲ. ನನ್ನ ಗಂಡ ಅಲ್ಲಿ ಸಾಯ್ತಾ ಇದ್ದರೆ ನಾನು ಇನ್ನೊಬ್ಬರ ಹೆಸರು ಕೂಗಿದೆ."

ನಾನು ಅವಳ ಕೈಯಿಂದ ಅಂಗಿ ತೆಗೆದುಕೊಂಡು ನಾನೇ ಮಡಚಿದೆ.

ಅನಿಷಾ ಆಫೀಸಿನಲ್ಲಿ ಮಾತಾಡುವ ಹಾಗೆಯೇ ಮಾತಾಡಿದಳು. ಸ್ಟಿಯರಿಂಗ್ ಹಿಡಿದವರು ಕಣ್ಣು ತೆಗೆಯಬಾರದಿತ್ತು, ಎಂಥವರು ಕರೆದರೂ. ತಪ್ಪು ಮೂಸಾನದ್ದೇ ಎಂದು ಕಾಗದದಲ್ಲಿ ಉಳಿಯುತ್ತದೆ, ಅದು ಸರಿಯೇ. ನೋಡಿ ಎಂದು ಕರೆದದ್ದು ನೀವು, ಅದೂ ಸುಳ್ಳಲ್ಲ. ಆದರೆ ಸಫಿಯತ್‌ಳದ್ದು ಇದರಲ್ಲಿ ಒಂದು ಮಾತೂ ಇಲ್ಲ. ಶಿಕ್ಷೆ ಅನುಭವಿಸುತ್ತಿರುವವಳು ಮಾತ್ರ ಅವಳೇ.

"ಗೊತ್ತುಂಟು," ಎಂದಳು ಭವ್ಯಶ್ರೀ.

"ಹಾಗಾದರೆ ಸಹಿ ಯಾಕೆ ಹಾಕಲಿಲ್ಲ?"

"ಆ ಕಾಗದದಲ್ಲಿ ಎಂತ ಬರೆದದ್ದು ಅಂತ ನೋಡಿದ್ದೀಯಾ ಅನಿಷಾ? ಚಾಲಕ ತನ್ನ ಹೆಂಡತಿಯ ಜೊತೆ ಮಾತಾಡುತ್ತಿದ್ದುದರಿಂದ ನನ್ನ ಗಂಡ ಸತ್ತರು, ಆದರೂ ನಾನು ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದೇನೆ ಅಂತ. ಕ್ಷಮಿಸುವವಳು ನಾನಾ? ಪ್ರತಿ ಸಲ ಪೆನ್ನು ಹಿಡಿದೆ. ಹಾಕಿದರೆ ಸಫಿಯಕ್ಕನ ತಲೆಯ ಮೇಲೆ ಅದು ಖಾಯಂ. ಹಾಕದಿದ್ದರೆ ಮೂಸಣ್ಣ ಒಳಗೆ. ನಾಳೆ ನೋಡುವ ಅಂತ ಇಟ್ಟೆ. ನಾಳೆ ಬಂದರೆ ಅದೇ."

ಆ ಸಾಲನ್ನು ತೆಗೆಸಬಹುದು ಎಂದಳು ಅನಿಷಾ. ಫೋನಿನ ಮಾತೇ ಎತ್ತದೆ ಸುಮ್ಮನೆ ದೂರಿಲ್ಲ ಎಂದು ಬರೆದರೂ ನಡೆಯುತ್ತದೆ, ಊರಿನಲ್ಲಿ ಯಾರಿಗೂ ತಿಳಿಯುವುದಿಲ್ಲ, ನಾವೂ ಯಾರಿಗೂ ಹೇಳುವುದಿಲ್ಲ.

ಭವ್ಯಶ್ರೀ ಸೂಟ್‌ಕೇಸಿನ ಮುಚ್ಚಳ ಮುಚ್ಚಿದಳು.

"ಆಫಿಯಾಳನ್ನು ಬಸ್ಸಿನಲ್ಲಿ ಕೇಳಿದರಂತೆ," ಎಂದಳು. "ಇಲ್ಲ. ಬರೆಯುವ."

ಅಬ್ದುಲ್ ಖಾದಿರ್ ಆ ಸಂಜೆಯೇ ಕಾಗದ ಬದಲಿಸಿ ತಂದರು. ಅರಬ್ಬಿಯಲ್ಲಿ ಓದಿ, ಕನ್ನಡದಲ್ಲಿ ಅರ್ಥ ಹೇಳಿದರು. ಆ ಹೊತ್ತಿನಲ್ಲಿ ಫೋನಿನಲ್ಲಿ ಇದ್ದವಳು ನಾನು, ಮೂಸಾ ಅವರ ಹೆಂಡತಿಯಲ್ಲ. ನೋಡಿ ಎಂದು ಕರೆದವಳೂ ನಾನೇ. ಅವರ ಮೇಲೆ ನನಗೆ ದೂರಿಲ್ಲ. ಇದರ ಒಂದು ಪ್ರತಿ ಉಡುಪಿಗೂ ಹೋಗುತ್ತದೆ, ನಿನ್ನ ಅತ್ತೆಯ ಕಡೆಯವರು ಓದುತ್ತಾರೆ ಮಗಳೇ ಎಂದು ಎಚ್ಚರಿಸಿದರು. ಹೋಗಲಿ ಎಂದಳು. ಅವರು ಇನ್ನೊಮ್ಮೆ ಕೇಳಿದರು. ಅವಳು ಪೆನ್ನಿಗೆ ಕೈ ಚಾಚಿದಳು.

ಬುಧವಾರ ಬೆಳಗ್ಗೆ ಮುದ್ರೆ ಹಾಕಿಸುವ ಕಚೇರಿಗೆ ಅವಳನ್ನು ಅನಿಷಾ ಕರೆದುಕೊಂಡು ಹೋದಳು. ನಾನೂ ಸಫಿಯತ್‌ಳೂ ಹಿಂದಿನ ಸೀಟಿನಲ್ಲಿ. ಕಚೇರಿಯವನು ಅವಳ ಬೆರಳನ್ನು ಯಂತ್ರದ ಮೇಲೆ ಇರಿಸಿದ, ಮುದ್ರೆ ಒತ್ತಿದ, ಮುಂದಿನವರನ್ನು ಕರೆದ.

ಆ ಕಾಗದವನ್ನು ಲಕೋಟೆಗೆ ಹಾಕಿಕೊಂಡು ಅಲ್ಲಿಂದ ಕೊರಿಯರ್ ಅಂಗಡಿಗೆ. ಒಳಗೆ ತಂಪು. ಇಬ್ಬರು ಮೂವರು ಪಾರ್ಸೆಲ್ ಹಿಡಿದು ಸಾಲಿನಲ್ಲಿದ್ದರು. ಸಾಲಿನಲ್ಲಿ ನಿಂತಾಗ ಸಫಿಯತ್ ಭವ್ಯಶ್ರೀಯ ಕೈ ಹಿಡಿದುಕೊಂಡಿದ್ದಳೋ, ಭವ್ಯಶ್ರೀ ಸಫಿಯತ್‌ಳದ್ದನ್ನು ಹಿಡಿದಿದ್ದಳೋ, ಹಿಂದೆ ನಿಂತ ನನಗೆ ಸರಿಯಾಗಿ ಕಾಣಲಿಲ್ಲ. ಸರದಿ ಬಂತು. ಕೌಂಟರಿನವನು ಒಳಗೆ ಏನಿದೆ ಎಂದು ಕೇಳಿದ. ಕಾಗದ ಎಂದಳು ಅನಿಷಾ. ಎಲ್ಲಿಗೆ? ಬುರೈದಾ.

ಅವನು ಲಕೋಟೆಯನ್ನು ತೂಗಿ, ಮೇಲೆ ಒಂದು ಚೀಟಿ ಅಂಟಿಸಿ, ಹಿಂದೆ ಇದ್ದ ಬುಟ್ಟಿಗೆ ಹಾಕಿದ.